ಟಾಕಿಗೆ ಬೀಗ

ಪೆಟ್ರೋಲು ಕದ್ದನೆಂದು ಹೇಳಿ ನೀಲಕಂಠ ವಕೀಲರು, ಹತ್ತೊಂಬತ್ತು ವರ್ಷ ಗಾಡಿ ಹೊಡೆದ ಡ್ರೈವರ್ ಕಾಶಪ್ಪನನ್ನು ಕೆಲಸ ಬಿಡಿಸಿದರು. ಆಮೇಲೆ ಜಮಖಂಡಿಯಲ್ಲಿ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಅವನು ಬನಹಟ್ಟಿಗೆ ಹೋಗಿ ತಂಗಿಯ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತ.

ವರ್ಷದ ಮೇಲೆ ಅದೇ ಗಾಡಿ ಹೊಳೆಪ್ಪ ಮಿಸ್ತ್ರಿಯ ಗ್ಯಾರೇಜಿಗೆ ಬಂತು. ವಕೀಲರ ತಂದೆ ಸಂಸ್ಥಾನದ ಕಾಲಕ್ಕೆ ತರಿಸಿದ ವಿಲಾಯತಿ ಮೋಟಾರು. ಮುಂದಿನ ಗಾಜಿನ ಕೆಳಗೇ ಪೆಟ್ರೋಲಿನ ಟಾಕಿ. ಪೆಟ್ರೋಲು ತಾನಾಗಿಯೇ ಇಳಿದು ಕಾರ್ಬೊರೇಟರಿಗೆ ಬರುವ ಏರ್ಪಾಟು. ಹೊಸ ಡ್ರೈವರೂ ಕಳ್ಳನೇ ಅಂದರು ವಕೀಲರು, ಸಂಜೆ ಇದ್ದ ಪೆಟ್ರೋಲು ಬೆಳಿಗ್ಗೆ ಇರುವುದಿಲ್ಲ. ಟಾಕಿಗೆ ಒಂದು ಬೀಗ ಕೂರಿಸು, ನಾಳೆ ಕೋರ್ಟಿಗೆ ಹೋಗುವಾಗ ಒಯ್ಯುತ್ತೇನೆ ಎಂದು ಹೇಳಿ ಟಾಂಗಾ ಹತ್ತಿದರು.

ಹೊಳೆಪ್ಪ ಬೀಗ ಹುಡುಕಲಿಲ್ಲ. ಬಾನೆಟ್ಟು ಎತ್ತಿ ಮೂಸಿದ. ಸೋರಿದ ಪೆಟ್ರೋಲು ಸೋರಿದಲ್ಲೇ ಆರಿಹೋಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ವಕೀಲರ ಗಾಡಿಮನೆಯ ನೆಲವೋ ಗರಸು ಮಣ್ಣು, ಎಷ್ಟು ಕುಡಿದರೂ ಬಾಯಿ ಬಿಡುವುದಿಲ್ಲ. ಕೈ ಒರೆಸಿಕೊಳ್ಳಲು ಸಂತೆಗೊಮ್ಮೆ ಕಾಶಪ್ಪ ತಂದುಕೊಡುವ ತುಂಡುನೂಲಿನ ಗಂಟು ಮೂಲೆಯಲ್ಲಿತ್ತು. ಹೊಳೆಪ್ಪ ಅದನ್ನು ಬಿಚ್ಚಿ ನಾಲ್ಕು ಬಿಳಿ ಎಳೆ ಆರಿಸಿದ. ಟಾಕಿಯ ನಲ್ಲಿಗೊಂದು, ನಳಿಗೆಯ ಎರಡು ತುದಿಗೆ ಎರಡು, ಕಾರ್ಬೊರೇಟರಿನ ಬಟ್ಟಲ ಮುಚ್ಚಳಕ್ಕೊಂದು. ಕೂಸಿಗೆ ಉಡದಾರ ಕಟ್ಟುವಷ್ಟು ಹಗುರವಾಗಿ ಕಟ್ಟಿದ. ಆ ದಪ್ಪ ಬೆರಳಿಗೆ ಅಷ್ಟು ನಾಜೂಕು ಎಲ್ಲಿಂದ ಬಂತೋ.

ಪಕ್ಕದ ಚಹಾದಂಗಡಿಯ ಇಂದ್ರವ್ವ ಇಣುಕಿದಳು. "ಯಾಕೋ ತಮ್ಮಾ, ಗಾಡಿಗಿ ಕಂಕಣಾ ಕಟ್ಟಾಕತ್ತಿ? ಮದವಿ ಯಾವಾಗ?"

"ಮದಲ ಕಳ್ಳ ಸಿಗಲಿ ಬೇ. ಅವಂಗ ಮಾಡೂಣು."

ಟಾಕಿಯ ನಲ್ಲಿ ತೆರೆದೇ ಇಟ್ಟು ಹೊಳೆಪ್ಪ ಮನೆಗೆ ಹೋದ.

ಬೆಳಿಗ್ಗೆ ಮೂರು ಎಳೆ ಬೆಳ್ಳಗೇ ಇದ್ದವು. ಮುಚ್ಚಳದ ಎಳೆ ಮಾತ್ರ ತೊಯ್ದು ಪೆಟ್ರೋಲಿನ ಬಣ್ಣಕ್ಕೆ ಕೆಂಪಡರಿತ್ತು. ಮುಚ್ಚಳ ತೆಗೆದರೆ ಬಟ್ಟಲು ತುಂಬಿ ತುಳುಕುತ್ತಿತ್ತು. ಒಳಗಿನ ಹಿತ್ತಾಳೆಯ ಫ್ಲೋಟು, ನಿಂಬೆಕಾಯಿಯಷ್ಟರ ಟೊಳ್ಳು ಡಬ್ಬಿ. ಪೆಟ್ರೋಲು ಏರಿದಂತೆ ತೇಲಿ ದಾರಿ ಮುಚ್ಚಬೇಕಾದದ್ದು, ತಳಕ್ಕೆ ಕೂತಿತ್ತು. ತೆಂಗಿನಕಾಯಿ ಆರಿಸುವವರ ಹಾಗೆ ಹೊಳೆಪ್ಪ ಅದನ್ನು ಕಿವಿಯ ಹತ್ತಿರ ಅಲುಗಿಸಿದ. ಒಳಗೆ ಗುಳುಗುಳು.

ಇಂದ್ರವ್ವ ಒಂದು ತಂಬಿಗೆ ಬಿಸಿನೀರು ತಂದುಕೊಟ್ಟಳು. ಫ್ಲೋಟನ್ನು ಅದರಲ್ಲಿ ಮುಳುಗಿಸಿ ಹಿಡಿದ. ಬೆಸುಗೆಯ ಸಂದಿನಿಂದ ಒಂದೊಂದೇ ಗುಳ್ಳೆ ಎದ್ದು ಬಂತು. ಸೂಜಿಮೊನೆಯಷ್ಟು ತೂತು.

"ಹಂಗಾರ ಕಾಶಪ್ಪ..." ಅಂದಳು ಇಂದ್ರವ್ವ.

ಕರಿ ಕೋಟಿನಲ್ಲಿ ಬಂದ ವಕೀಲರಿಗೆ ಹೊಳೆಪ್ಪ ಎಳೆ ತೋರಿಸಿದ, ಗುಳ್ಳೆ ತೋರಿಸಿದ. ಈಗೀಗ ಕೆಟ್ಟಿರಬೇಕು ಅಂದರು ವಕೀಲರು. ಹೊಳೆಪ್ಪ ಬಟ್ಟಲ ಹೊರಮೈಯನ್ನು ಉಗುರಿನಿಂದ ಕೆರೆದ. ಒಣಗಿದ ಪೆಟ್ರೋಲಿನ ಅಂಟು ತೊಗಟೆಯ ಹಾಗೆ ಪದರು ಪದರಾಗಿ ಎದ್ದಿತು.

"ಇದು ಒಂದ್ ವರ್ಷದ್ದಲ್ರಿ. ಮೂರ್ ನಾಕ್ ವರ್ಷದ್ದೈತಿ."

ಕೋರ್ಟಿನಲ್ಲಿ ಪುರಾವೆ ಇಲ್ಲದೆ ಬಾಯಿ ತೆರೆಯದ ಮನುಷ್ಯ ಆ ತೊಗಟೆಯನ್ನು ನೋಡುತ್ತ ನಿಂತರು. ಆಮೇಲೆ ದನಿ ಇಳಿಸಿದರು.

"ಆತು. ತೂತು ಮುಚ್ಚಿ ಜೋಡಿಸಿ ಕೊಡು. ಈ ಮಾತು ಇಲ್ಲೇ ಇರಲಿ."

"ನಾಳೆ ಸಂತಿ ಐತ್ರಿ. ಕಾಶಪ್ಪ ಬರತಾನು. ನೀ ಕದ್ದಿಲ್ಲಂತ ಅವನ ಮುಂದ ನೀವ ಬಾಯಿಬಿಟ್ಟ ಹೇಳ್ರಿ. ಆಮ್ಯಾಲ ಬೆಸಿಗಿ ಹಾಕತೇನಿ."

"ಹೊಳೆಪ್ಪಾ, ಹೇಳಿದಷ್ಟು ಕೆಲಸಾ ಮಾಡು."

"ಮಾಡಂಗಿಲ್ರಿ."

ಒಂದು ಬಿಳಿ ಎಳೆ ತೆಗೆದು ಹೊಳೆಪ್ಪ ಫ್ಲೋಟಿಗೆ ಕಟ್ಟಿದ. ಸಂತೆಗೆ ಹೋಗುವವರೂ ಕೋರ್ಟಿಗೆ ಹೋಗುವವರೂ ಹಾಯುವ ದಾರಿಗೆ ಎದುರಾಗಿ, ಬಾಗಿಲ ಚೌಕಟ್ಟಿನ ಮೊಳೆಗೆ ನೇತುಹಾಕಿದ. ಅದು ಒಂದು ಸುತ್ತು ತಿರುಗಿ ನಿಂತಿತು. ತಳದಲ್ಲಿ ಒಂದು ಹನಿ ಕೂಡಿ, ಬಿಸಿಲಿಗೆ ಮಿಂಚಿ, ಹೊಸ್ತಿಲ ಮೇಲೆ ಬಿತ್ತು.