ನೀಲವ್ವನ ಕೆಳದವಡೆ

ನಾನು ಒಂದು ಹಲ್ಲಿನ ಸೆಟ್ಟು. ಅದರಲ್ಲೂ ಕೆಳಗಿನದು. ಗದಗಿನ ಒಂದು ಓಣಿಯಲ್ಲಿ ಗುಲಾಬಿ ಬಣ್ಣದ ಪುಡಿಗೆ ಘಾಟು ವಾಸನೆಯ ದ್ರವ ಬೆರೆಸಿ, ಅಚ್ಚಿಗೆ ತುಂಬಿ, ಕುದಿಯುವ ನೀರಿನಲ್ಲಿ ಬೇಯಿಸಿ ನನ್ನನ್ನು ಮಾಡಿದರು. ಉಜ್ಜಿ ಉಜ್ಜಿ ಹೊಳಪು ಕೊಟ್ಟರು. ಆಮೇಲೆ ನಾನು ಕಂಡ ಲೋಕವೆಂದರೆ ನೀಲವ್ವನ ಬಾಯಿ.

ನೀಲವ್ವ ಸ್ಟೇಶನ್ ರಸ್ತೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಅವಳ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಎಣಗಾಯಿಯ ಉಪ್ಪು ನೋಡಬೇಕು, ಉಣ್ಣುವವರನ್ನು ಮಾತಾಡಿಸಬೇಕು, ಸೊಸೆ ಗಂಗವ್ವನನ್ನು ಗದರಬೇಕು. ನಡುನಡುವೆ ಎಲೆ, ಅಡಿಕೆ, ಚಿಟಿಕೆ ತಂಬಾಕು. ಖಡಕ್ ರೊಟ್ಟಿಯನ್ನು ಕಟಂ ಎಂದು ಮುರಿಯುವಾಗ ನನ್ನ ಹುಟ್ಟು ಸಾರ್ಥಕವೆನಿಸುತ್ತಿತ್ತು.

ವರ್ಷಗಳು ಕಳೆದಂತೆ ಅವಳ ದವಡೆ ಸವೆಯಿತು. ನಾನು ಸಡಿಲಾದೆ. ಮಾತಿಗೊಮ್ಮೆ ಜಾರುವೆ, ನಾಲಿಗೆ ನನ್ನನ್ನು ಸ್ವಸ್ಥಾನಕ್ಕೆ ತಳ್ಳುವುದು. ಒಂದು ದಿನ ನನ್ನ ಅಂಚಿಗೆ ಏನೋ ಮೆತ್ತಗೆ ತಾಗಿತು. ತುಟಿಯ ಒಳಬದಿಯಲ್ಲಿ ಮಾಂಸ ಮಡಿಕೆಯಾಗಿ ಬೆಳೆದಿತ್ತು. ಅದರ ಮೇಲೊಂದು ಹುಣ್ಣು.

ನೀಲವ್ವ ಯಾರಿಗೂ ಹೇಳಲಿಲ್ಲ. ಅವಳ ತಂಗಿ ಬಾಯಿಯ ಕ್ಯಾನ್ಸರಿನಿಂದಲೇ ಹೋದವಳು. ಅದೂ ಮೊದಲು ಹುಣ್ಣಾಗಿಯೇ ಬಂದಿತ್ತು. ತಂಬಾಕಿನ ಡಬ್ಬಿ ಚರಂಡಿ ಸೇರಿತು. ಆದರೆ ನಾಲಿಗೆ ಮಾತ್ರ ಸುಮ್ಮನಿರಲೊಲ್ಲದು. ಹಿಟ್ಟು ನಾದುವಾಗ, ದೇವರಿಗೆ ಕೈ ಮುಗಿಯುವಾಗ, ಮತ್ತೆ ಮತ್ತೆ ಆ ಗಂಟನ್ನೇ ತಡವುತ್ತಿತ್ತು. ಅದರೊಡನೆ ನಾನೂ ಅಲುಗುತ್ತಿದ್ದೆ.

ಉಪ್ಪು ನೋಡುವುದನ್ನೂ ಬಿಟ್ಟಳು. ಒಂದು ಮಧ್ಯಾಹ್ನ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿ, ಉಣ್ಣುವವರು ಗೊಣಗಿದಾಗ ಗಂಗವ್ವ ಅಡುಗೆಮನೆಗೆ ಬಂದಳು.

"ಅತ್ತಿ, ಬಾಯಾಗ ಏನಾಗೇತಿ? ಖರೇ ಹೇಳ್ರಿ."

"ಏನಿಲ್ಲವಾ."

"ಏನಿಲ್ಲಂದ್ರ ಬರೇ ಗಂಜಿ ಯಾಕ ಕುಡೀತೀರಿ?"

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನನ್ನ ತಂಗೀಗೆ ಬಂದದ್ದ ನನಗೂ ಬಂತು, ಗಂಗೀ."

ಗಂಗವ್ವ ಒಲೆ ಆರಿಸಿದಳು. ಉಣ್ಣುವವರನ್ನು ಹಾಗೆಯೇ ಬಿಟ್ಟು, ಅತ್ತೆಯನ್ನು ಹಲ್ಲಿನ ಡಾಕ್ಟರು ಹಂಚಿನಮನಿಯವರಲ್ಲಿಗೆ ಎಳೆದುಕೊಂಡೇ ಹೋದಳು.

ಡಾಕ್ಟರು ನನ್ನನ್ನು ತೆಗೆದಿಟ್ಟು ಗಂಟನ್ನು ಬೆರಳಿನಿಂದ ಒತ್ತಿ ನೋಡಿದರು. ಕುತ್ತಿಗೆ ತಡವಿದರು. ಮತ್ತೆ ನನ್ನನ್ನು ಕೂರಿಸಿದರು. ನನ್ನ ಅಂಚು ಆ ಮಡಿಕೆಯ ನಡುವೆ ಸರಿಯಾಗಿ ಹೋಗಿ ಕೂತಿತು.

"ಸಡಿಲ ಸೆಟ್ಟು ತಿಕ್ಕಿ ತಿಕ್ಕಿ ಹಿಂಗಾಗಿರಬಹುದು, ನೀಲವ್ವಾರ. ಆದ್ರ ತಂಬಾಕು ತಿಂದ ಬಾಯಿ. ಬರೇ ಕಣ್ಣಿಲೆ ನೋಡಿ ಹೇಳಾಕ ಬರೂದಿಲ್ಲ. ಎರಡು ವಾರ ಇದನ್ನ ಹಾಕ್ಕೋಬ್ಯಾಡ್ರಿ. ಆಮ್ಯಾಲೂ ಗಂಟು ಉಳದ್ರ ತಗದು ಪರೀಕ್ಷಾಕ್ಕ ಕಳಸೂಣು."

ಆ ಎರಡು ವಾರ ನಾನು ನೀರಿನ ಬಟ್ಟಲಿನಲ್ಲಿ. ನೀಲವ್ವ ಕೂತಲ್ಲಿ ಕೂರದೆ ಎದ್ದೆದ್ದು ಬಂದು ನನ್ನನ್ನು ದಿಟ್ಟಿಸುವಳು. "ಈ ಗಂಟು ನೀನ ಮಾಡಿರಬೇಕು. ಬ್ಯಾರೆ ಏನೂ ಆಗಿರಬಾರದು," ಎಂದು ಬೇಡುವಳು. ತಪ್ಪು ನನ್ನದೇ ಆಗಿರಲೆಂದು ನಾನೂ ಬೇಡಿಕೊಂಡೆ.

ಹುಣ್ಣು ಮಾಯಿತು. ಗಂಟು ಕುಗ್ಗಿತೇ ಹೊರತು ಹೋಗಲಿಲ್ಲ. ಡಾಕ್ಟರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಅತ್ತೆ ಸೊಸೆ ನನ್ನನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದರು.

"ಕ್ಯಾನ್ಸರ್ ಅಲ್ಲ. ತಿಕ್ಕಿ ಬೆಳದ ಮಾಂಸ, ಅಷ್ಟ."

ನೀಲವ್ವ ನಗಲಿಲ್ಲ. ಸೊಸೆಯ ಕೈ ಹಿಡಿದು ಗೋಡೆಗೊರಗಿ ಕೂತಳು. "ನನ್ನ ತಂಗೀನ್ನೂ ಯಾರರೆ ಹಿಂಗ ಎಳಕೊಂಡು ಬರಬೇಕಿತ್ತು," ಎಂದಳು.

ಅವಳಿಗೀಗ ಹೊಸ ಸೆಟ್ಟು. ನಾನು ಡಾಕ್ಟರರ ಗಾಜಿನ ಕಪಾಟಿನಲ್ಲಿದ್ದೇನೆ. ಸೆಟ್ಟು ಸಡಿಲಾದರೂ ಹಾಕಿಕೊಂಡೇ ಇರುವವರಿಗೆ ನನ್ನನ್ನು ತೋರಿಸಿ ಗದರುತ್ತಾರೆ. ಎಲ್ಲರಿಗೂ ನೀಲವ್ವನಿಗೆ ಸಿಕ್ಕ ಉತ್ತರ ಸಿಗುವುದಿಲ್ಲ. ಕೆಲವರನ್ನು ಅಂದೇ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಈಗಷ್ಟೇ ಒಬ್ಬ ಬಂದು ಕುರ್ಚಿಯಲ್ಲಿ ಕೂತಿದ್ದಾನೆ. ಡಾಕ್ಟರು ದೀಪ ಹಿಡಿದು ಕಾಯುತ್ತಿದ್ದಾರೆ. ಅವನು ತುಟಿ ಬಿಗಿದಿದ್ದಾನೆ. ನಾನು ಗಾಜಿನ ಹಿಂದೆ ಚಡಪಡಿಸುತ್ತೇನೆ: ತೆಗೆಯಪ್ಪಾ, ಬಾಯಿ ತೆಗೆ.