ಪೆಟ್ರೋಲಿಗೆ ಗದ್ದೆಯ ಪೈಪು

ನಮ್ಮಣ್ಣ ಸಿದ್ದೇಶ್ ಕಾರು ಕಟ್ಟಲು ಶುರು ಮಾಡಿ ಎಂಟು ತಿಂಗಳಾಗಿತ್ತು. ಕಬ್ಬಿಣದ ಚೌಕಟ್ಟು, ಫೈಬರ್ ಮೈ ಎಲ್ಲ ಬಿಡಿಬಿಡಿಯಾಗಿ ಕೊಯಮತ್ತೂರಿನಿಂದ ಲಾರಿಯಲ್ಲಿ ಬಂದಿದ್ದವು. ಎಂಜಿನ್ನು ಮಂಡ್ಯದ ಗುಜರಿಯಿಂದ ತಂದ ಹಳೆಯದು. ಆತಗೂರಿನ ಹತ್ತಿರ ನಮ್ಮ ಮನೆ. ಹಿಂದಿನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಅಣ್ಣ, ಅವನ ಗೆಳೆಯ ಪ್ರೀತಂ ಇಬ್ಬರೂ ಭಾನುವಾರಗಳಲ್ಲಿ ಅದನ್ನು ಜೋಡಿಸುತ್ತಿದ್ದರು. ವೈರಿಂಗ್ ಮಾತ್ರ ನನ್ನದು.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಮೇಲೆ ನಾಲ್ಕು ವರ್ಷ ಚಿಕ್ಕಪ್ಪನ ಅಂಗಡಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದೆ. ಗಿರಾಕಿಗಳು ಚಿಕ್ಕಪ್ಪನ ಜೊತೆ ಮಾತಾಡುತ್ತಿದ್ದರು, ನಾನು ಹಿಂದೆ ಕೂತು ಸುತ್ತುತ್ತಿದ್ದೆ. ಕಾರಿನ ಕೆಲಸವೂ ಹಾಗೇ ಆಯಿತು. ವಾರದ ದಿನಗಳಲ್ಲಿ ಅವರಿಬ್ಬರೂ ಇಲ್ಲದಾಗ ಶೆಡ್ಡಿಗೆ ಹೋಗಿ ಲೈಟಿಗೆ, ಹಾರ್ನಿಗೆ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ ಒಂದೊಂದೇ ವೈರು ಎಳೆದೆ. ಯಾವ ವೈರೂ ಕಬ್ಬಿಣಕ್ಕೆ ಉಜ್ಜದಂತೆ ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿದೆ. ನನ್ನ ಇಪ್ಪತ್ತೆರಡು ವರ್ಷದಲ್ಲಿ ಮೊದಲಿಂದ ಕೊನೆಯವರೆಗೆ ನಾನೊಬ್ಬಳೇ ಮಾಡಿ ಮುಗಿಸಿದ್ದು ಅದೊಂದೇ. ಅದು ನನ್ನ ಕೆಲಸ ಅಂತ ನಾಲ್ಕು ಜನಕ್ಕೆ ತಿಳಿಯಲಿ ಎಂಬ ಆಸೆ ಇತ್ತು.

ಪೆಟ್ರೋಲ್ ಪೈಪು ಎಳೆದದ್ದು ಅವರು. ಹಿಂದಿನ ಟ್ಯಾಂಕಿನಿಂದ ಮುಂದಕ್ಕೆ ಲೋಹದ ಕೊಳವೆ ಹಾಕಿದರು. ಎಂಜಿನ್ ಹತ್ತಿರ ಎರಡಡಿ ಸಾಲದೆ ಬಂದಾಗ, ಕಬ್ಬಿನ ಗದ್ದೆಯಲ್ಲಿ ಉಳಿದಿದ್ದ, ತೂತಿಲ್ಲದ ಡ್ರಿಪ್ ಪೈಪಿನ ತುಂಡೊಂದನ್ನು ಸಿಕ್ಕಿಸಿ ಕ್ಲಿಪ್ಪು ಬಿಗಿದರು. ಬಿಸಿಯಾಗುವ ಸೈಲೆನ್ಸರ್ ಅದರಿಂದ ಗೇಣು ದೂರದಲ್ಲಿತ್ತು.

"ಅಣ್ಣ, ಅದು ಪೆಟ್ರೋಲ್ಗೆ ತಡ್ಯಲ್ಲ," ಎಂದೆ.

"ಯೂರಿಯಾ ನೀರು ವರ್ಸಾನ್ಗಟ್ಲೆ ತಡ್ಕತದೆ, ಪೆಟ್ರೋಲ್ ತಡ್ಕಳಲ್ವಾ?" ಎಂದ ಪ್ರೀತಂ. "ನೀನು ಕರೆಂಟ್ ನೋಡ್ಕ ಓಗವ್ವ."

ಅಣ್ಣ ಕ್ಲಿಪ್ಪನ್ನು ಇನ್ನೊಂದು ಸುತ್ತು ಬಿಗಿದ. ಮರುದಿನ ಮದ್ದೂರಿಗೆ ಹೋದವಳು ಎರಡು ಮೀಟರ್ ಸರಿಯಾದ ಪೆಟ್ರೋಲ್ ಪೈಪು ತಂದು, ಕೇಳಿದಾಗ ಕೊಡೋಣ ಎಂದು ಗೊಬ್ಬರದ ಮೂಟೆ ಹಿಂದೆ ಇಟ್ಟೆ. ಅವನು ಕೇಳಲಿಲ್ಲ. ಒಂದು ಮಾತನ್ನು ಎರಡನೇ ಸಲ ಹೇಳುವುದು ನನಗೆ ಯಾವತ್ತೂ ಬಂದಿಲ್ಲ.

ಕಾರು ಮುಗಿದು ಅದಕ್ಕೆ ಪೂಜೆ ಮಾಡಿದ ದಿನ ಇಪ್ಪತ್ತು ಜನ ಸೇರಿದ್ದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಗಿತ್ತು. ಕುಂಕುಮ ಹಚ್ಚುವ ನೆಪದಲ್ಲಿ ನಾನು ಬಗ್ಗಿ ಆ ಪೈಪು ಮುಟ್ಟಿ ನೋಡಿದೆ. ಹಿಂದಿನ ದಿನ ಪೆಟ್ರೋಲ್ ತುಂಬಿ ಪಂಪು ಓಡಿಸಿ ನೋಡಿದ್ದರು. ಒಂದೇ ರಾತ್ರಿಗೆ ಪೈಪು ಉಬ್ಬಿ ಮೆತ್ತಗಾಗಿತ್ತು. ಕ್ಲಿಪ್ಪಿನ ಕೆಳಗೆ ಒದ್ದೆ.

"ಅಣ್ಣ," ಎಂದೆ.

"ಆಮ್ಯಾಕೆ ಯೋಳು," ಎಂದು ಅವನು ಸೀಟಿನಲ್ಲಿ ಕೂತ.

ಜನ ಅವನನ್ನೇ ನೋಡುತ್ತಿದ್ದರು. ಪಂಪಿಗೂ ಎಂಜಿನ್ನಿನ ಕಿಡಿಗೂ ನಾನು ಒಂದೇ ಫ್ಯೂಸ್ ಕೊಟ್ಟಿದ್ದೆ. ಅದನ್ನು ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡೆ.

ಅವನು ಕೀ ತಿರುಗಿಸಿದ. ಸ್ಟಾರ್ಟರ್ ಗಿರಗಿರ ತಿರುಗಿತೇ ಹೊರತು ಎಂಜಿನ್ ಹತ್ತಲಿಲ್ಲ. ಇನ್ನೊಂದು ಸಲ. ಮತ್ತೊಂದು ಸಲ.

"ವೈರಿಂಗ್ ಯಾರ್ಲಾ ಮಾಡಿದ್ದು?" ಎಂದರು ಹಿಂದಿನಿಂದ ಬೋರಯ್ಯ ಮಾವ.

"ನಮ್ ಭಾಗ್ಯ," ಎಂದು ಅಣ್ಣ ನನ್ನ ಕಡೆ ಕೈ ತೋರಿಸಿದ.

"ಅದ್ಕೇ ಮತ್ತೆ. ಬಾವಿ ಮೋಟ್ರು ಅನ್ಕಂಡವ್ಳೆ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಆದರೆ ಕಿವಿ ಕೆಂಪಗಾಗಿತ್ತು. ನನ್ನ ಕೆಲಸದ ಸುದ್ದಿ ನಾಲ್ಕು ಜನಕ್ಕೆ ತಿಳಿದದ್ದು ಹೀಗೆ. ಫ್ಯೂಸಿನ ಕಾಲುಗಳು ಅಂಗೈಗೆ ಚುಚ್ಚುತ್ತಿದ್ದವು. ತೋರಿಸಿ ಹೇಳಿಬಿಟ್ಟರೆ ನಗು ಅಣ್ಣನ ಕಡೆ ತಿರುಗುತ್ತಿತ್ತು. ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಸಾರು ಆರೋಯ್ತದೆ, ಮೊದ್ಲು ಉಂಡ್ಕ ಬನ್ರಪ್ಪ," ಎಂದು ಅವ್ವ ಕರೆದಳು.

ಎಲ್ಲರೂ ಊಟಕ್ಕೆ ಹೋದ ಮೇಲೆ ಕಾರಿನ ಕೆಳಗೆ ತೂರಿದೆ. ಕ್ಲಿಪ್ಪು ಸಡಿಲಿಸಿದ ಕೂಡಲೇ ಡ್ರಿಪ್ ಪೈಪು ನೆನೆದ ಹಪ್ಪಳದ ಹಾಗೆ ಹರಿದು ಕೈಗೆ ಬಂತು. ಪೆಟ್ರೋಲ್ ಮೊಣಕೈವರೆಗೆ ಇಳಿಯಿತು. ಹೊಸ ಪೈಪು ಹಾಕಿ, ಸೈಲೆನ್ಸರಿನಿಂದ ದೂರಕ್ಕೆ ಎಳೆದು ಕಟ್ಟಿ, ನೆಲ ಒರೆಸಿ, ಫ್ಯೂಸನ್ನು ಅದರ ಜಾಗಕ್ಕೆ ಒತ್ತಿದೆ. ಹಳೆಯ ತುಂಡನ್ನು ತಿಪ್ಪೆಗೆ ಹಾಕಿದೆ. ಮನೆಯೊಳಗಿಂದ ನಗು ಕೇಳುತ್ತಲೇ ಇತ್ತು. ಸೋಪು ಹಾಕಿ ಮೂರು ಸಲ ಕೈ ತೊಳೆದರೂ ವಾಸನೆ ಹೋಗಲಿಲ್ಲ.

ಊಟ ಮುಗಿಸಿ ಬಂದ ಪ್ರೀತಂ ಎರಡು ವೈರು ಅಲ್ಲಾಡಿಸಿ, "ಈಗ ನೋಡ್ಲಾ," ಎಂದ. ಎಂಜಿನ್ ಹತ್ತಿತು. ಜನ ಅವನ ಬೆನ್ನು ತಟ್ಟಿದರು. ಕಾರಿಗೆ ಇದ್ದದ್ದು ಎರಡೇ ಸೀಟು. ಇಬ್ಬರೂ ಕೂತು ನಾಲೆ ಏರಿಯ ಮೇಲೆ ಹೋದರು. ಬೆಂಕಿ ಹತ್ತದೆ ಹಿಂದಿರುಗಿದರು. ಅಷ್ಟು ಹೊತ್ತೂ ನಾನು ಜಗುಲಿಯಲ್ಲಿ ನಿಂತೇ ಇದ್ದೆ.

ಆದರೂ ಅಣ್ಣನಿಗೆ ನನ್ನ ವೈರಿಂಗ್ ಮೇಲೆ ನಂಬಿಕೆ ಹೋಗಿತ್ತು. ಸೋಮವಾರ ಎಲ್ಲ ಕಿತ್ತು ಹೊಸದಾಗಿ ಮಾಡಿಸುತ್ತೇನೆಂದು ಮದ್ದೂರಿನ ಎಲೆಕ್ಟ್ರಿಷಿಯನ್ ನಾಗೇಶನ ಹತ್ತಿರ ಕಾರು ಒಯ್ದ. ಮಧ್ಯಾಹ್ನವೇ ವಾಪಸು ಬಂದು ಊಟಕ್ಕೆ ಕೂತ.

"ಏನಂದ?" ಅವ್ವ ಕೇಳಿದಳು.

"ಒಂದ್ ವೈರೂ ಮುಟ್ಬೇಡ ಅಂದ. ಅಷ್ಟ್ ನೀಟಾಗದಂತೆ. ಯಾರ್ ಮಾಡಿದ್ದು ಅಂತ ಎರಡು ಸತಿ ಕೇಳ್ದ."

ನಾನು ಒಲೆಯ ಮುಂದೆ ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದೆ.

"ನೀನೇನಂದೆ?" ಎಂದಳು ಅವ್ವ.

"ಮಂಡ್ಯದಲ್ಲಿ ಮಾಡಿಸ್ದೆ ಅಂದೆ. ತಂಗಿ ಮಾಡಿದ್ಲು ಅಂದ್ರೆ ನಂಬ್ತಾನಾ?"

ಅವನು ತಟ್ಟೆ ಮುಂದೆ ತಳ್ಳಿದ. ನಾನು ಮುದ್ದೆ ಹಾಕಿ, ಸಾರು ಬಿಟ್ಟು, ಸಾಕಾ ಎಂದು ಕೇಳಿದೆ.