ಸುಬ್ಬರಾಯ ಡಾಕ್ಟರು ಕಲಿತ ಹೊಸ ಉಸಿರು

ಐವತ್ತೆಂಟರ ಪ್ರಾಯದಲ್ಲಿ ಸುಬ್ಬರಾಯ ಡಾಕ್ಟರು ಮಂಗಳೂರಿನ ವೈದ್ಯರ ಸಭೆಯೊಂದರಲ್ಲಿ ನೆಲದ ಮೇಲೆ ಅಂಗಾತ ಮಲಗಿದರು. ಮದರಾಸಿನಿಂದ ಬಂದಿದ್ದ ಎಳೆಯ ವೈದ್ಯನೊಬ್ಬ, ನೀರಿನಲ್ಲಿ ಮುಳುಗಿದವರ ಬೆನ್ನೊತ್ತುವುದಕ್ಕಿಂತ ಬಾಯಿಗೆ ಬಾಯಿಟ್ಟು ಉಸಿರು ತುಂಬುವುದೇ ಮೇಲು ಎಂದು ತೋರಿಸಬೇಕಿತ್ತು. ರೋಗಿಯಾಗಿ ಮಲಗಲು ಬೇರೆ ಯಾರೂ ಎದ್ದಿರಲಿಲ್ಲ. ಅದು ೧೯೬೧. ಡಾಕ್ಟರು ಕುಂದಾಪುರದಲ್ಲಿ ಅಷ್ಟೂ ವರ್ಷ ಬೆನ್ನೊತ್ತಿಯೇ ಬಂದವರು. ಪಕ್ಕದ ಕೋಡಿ ಎಂಬ ಊರಿನ ದೋಣಿಯವರಿಗೂ ಅದನ್ನೇ ಹೇಳಿಕೊಟ್ಟವರು.

ಮನೆಗೆ ಬಂದವರೇ ಹೆಂಡತಿ ತುಂಗಾಳನ್ನು ಚಾಪೆಯ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತುವುದನ್ನು ರೂಢಿ ಮಾಡಿಕೊಂಡರು.

"ಈ ಪ್ರಾಯದಲ್ಲ್ ಯಾವ್ ಪರೀಕ್ಷೆಗೆ ಓದುದ್ ನೀವ್?" ತುಂಗಾ ಮಲಗಿದಲ್ಲೇ ನಕ್ಕಳು.

"ರೋಗಿ ನನ್ನ್ ಪ್ರಾಯ ಕೇಂತ್ರಾ?"

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ಜ್ವರದವರನ್ನು ನೋಡಲು ಕೋಡಿಗೆ ಹೋಗಿದ್ದಾಗ ಹೊಳೆಬದಿಯಿಂದ ಕೂಗು ಕೇಳಿಸಿತು. ಮರುವಾಯಿ ಚಿಪ್ಪು ಹೆಕ್ಕಲು ಇಳಿದಿದ್ದ ಕುಸುಮಾವತಿಯನ್ನು ಕಡಲಿನಿಂದ ಏರಿಬಂದ ಭರತದ ನೀರು ಎಳೆದಿತ್ತು. ಗಂಡ ಚಂದಯ್ಯ ಈಜಿ ಹೋಗಿ ದಡಕ್ಕೆ ತಂದಿದ್ದ. ಇಬ್ಬರು ದೋಣಿಯವರು ಅವಳನ್ನು ಕವುಚಿ ಮಲಗಿಸಿ, ಡಾಕ್ಟರು ಹಿಂದೆ ಕಲಿಸಿದಂತೆಯೇ ಬೆನ್ನೊತ್ತುತ್ತಿದ್ದರು.

"ಅದ್ ಬಿಡಿ. ನಾ ಕಲ್ಸಿದ್ದೇ, ಆದ್ರೆ ಈಗ ಅದ್ಕಿಂತ ಒಳ್ಳೇದ್ ಇತ್ತ್," ಎಂದು ಡಾಕ್ಟರು ಅವಳನ್ನು ಅಂಗಾತ ಮಾಡಿದರು. ಕತ್ತಿನಲ್ಲಿ ನಾಡಿ ಸಣ್ಣಗೆ ಬಡಿಯುತ್ತಿತ್ತು. ಉಸಿರು ಮಾತ್ರ ಇರಲಿಲ್ಲ. ಬಾಯೊಳಗಿನ ಮರಳನ್ನು ಬೆರಳಿನಿಂದ ತೆಗೆದು, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದರು. ಸುತ್ತ ನಿಂತವರು ಬಗ್ಗಿ ನೋಡಿದರು. ಅವಳ ಎದೆ ಏರಿತು, ಇಳಿಯಿತು. ಮತ್ತೆ ಊದಿದರು.

ಆದರೆ ಡಾಕ್ಟರಿಗೆ ಹಳೆಯ ದಮ್ಮಿನ ಕಾಯಿಲೆ. ಸ್ವಲ್ಪ ಹೊತ್ತಿಗೆ ಅವರ ಎದೆಯೇ ಸೀಟಿ ಹಾಕತೊಡಗಿತು.

"ಚಂದಯ್ಯ, ಇನ್ನ್ ನೀ ಊದ್."

ಚಂದಯ್ಯ ತಲೆ ತಗ್ಗಿಸಿದ. "ಎಲ್ಲರ್ ಎದ್ರಿಗಾ, ಡಾಕ್ಟ್ರೇ?"

"ನಾಚ್ಕಿ ನಾಳೆ ಮಾಡ್ಕಂಬ್ಲಕ್ಕ್."

ಅವನು ಮಂಡಿಯೂರಿದ. ಡಾಕ್ಟರು ಅವನ ಕೈ ಹಿಡಿದು ಗದ್ದದ ಕೆಳಗಿಟ್ಟರು. ಮೊದಲ ಉಸಿರು ಪಕ್ಕದಿಂದ ಸೋರಿಹೋಯಿತು. "ತುಟಿ ಪೂರ್ತಿ ಮುಚ್ಚ್. ಮೆಲ್ಲ. ಹಾಂಗೇ." ಎರಡನೆಯದಕ್ಕೆ ಎದೆ ಏರಿತು. ಚಂದಯ್ಯ ಅಳುತ್ತಲೇ ಊದಿದ, ಬಿಟ್ಟ, ಊದಿದ. ಡಾಕ್ಟರ ಬೆರಳು ನಾಡಿಯ ಮೇಲೇ ಇತ್ತು.

ಕುಸುಮಾವತಿ ಕೆಮ್ಮಿದಳು. ಡಾಕ್ಟರು ಅವಳನ್ನು ಮಗ್ಗುಲಿಗೆ ಹೊರಳಿಸಿದರು. ನೀರು ಕಕ್ಕಿ, ಒರಟಾಗಿ ತಾನೇ ಉಸಿರೆಳೆದಳು. ದೋಣಿಯವರು ಒಬ್ಬೊಬ್ಬರಾಗಿ ಮರಳಿನ ಮೇಲೆ ಕುಳಿತುಬಿಟ್ಟರು.

"ಎದೆಯಲ್ಲ್ ನೀರ್ ಉಳ್ದಿರತ್ತ್. ಎರಡ್ ದಿನ ಆಸ್ಪತ್ರೆಯಲ್ಲೇ ಇರ್ಕ್," ಎಂದರು ಡಾಕ್ಟರು.

ಆಸ್ಪತ್ರೆಗೆ ಹೊರಟ ಗಾಡಿಯಲ್ಲಿ ಚಂದಯ್ಯ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಏರಿಳಿಯುತ್ತಿದ್ದ ಅವಳ ಎದೆಯ ಮೇಲೆ ಅಂಗೈ ಇಟ್ಟು ಕುಳಿತ. ಸೇತುವೆಯ ಹತ್ತಿರ ಅವಳಿಗೆ ಪೂರ್ತಿ ಎಚ್ಚರವಾಯಿತು.

"ಕೈ ತೆಗಿನಿ, ಎಲ್ಲ ಕಾಣ್ತಿದ್ರ್."

"ಕಾಣ್ಲಿ," ಎಂದ ಚಂದಯ್ಯ. ಆಸ್ಪತ್ರೆ ಬರುವವರೆಗೂ ಅವನು ಕೈ ತೆಗೆಯಲಿಲ್ಲ.